ಒಳ್ಳೆ ಮನೆತನದ ಹುನ್ನಾರ

ಪ್ರಶ್ನೆ: ಮೇಡಂ, ಕಾಲೇಜಿನಿಂದ ದೆಹಲಿ ಪ್ರವಾಸಕ್ಕೆ ಹೋದಾಗ ‘ಹುನರ್ ಹಾಟ್’ ಎಂಬ ಫಲಕ ನೋಡಿದೆ. ಒಳಗೆ ಬಿದಿರಿನ ಬುಟ್ಟಿ, ಕಸೂತಿ ಬಟ್ಟೆ, ಮಣ್ಣಿನ ಮಡಕೆ. ನಮ್ಮ ಗುಂಪಿನಲ್ಲಿ ಒಬ್ಬ, ‘ಹುನ್ನಾರದ ಸಂತೆ ಕಣ್ರೋ, ಪರ್ಸು ಹುಷಾರು’ ಎಂದ. ಎಲ್ಲರೂ ನಕ್ಕೆವು. ಆಮೇಲೆ ನನಗೆ ಅನುಮಾನ ಶುರುವಾಯಿತು. ಆ ಹುನರ್, ನಮ್ಮ ಹುನ್ನಾರ ಎರಡೂ ಒಂದೇನಾ? ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ‘ಹೊನ್ನಿಗಾಗಿ ಮಾಡುವ ಮೋಸವೇ ಹುನ್ನಾರ’ ಎಂದು ಹೇಳಿಕೊಟ್ಟಿದ್ದರು. ಯಾವುದು ಸರಿ?
– ಒಬ್ಬ ವಿದ್ಯಾರ್ಥಿ, ಹಾಸನ

ಉತ್ತರ: ಒಂದೇ. ನಿಮ್ಮ ಗೆಳೆಯ ಸುಮ್ನೆ ತಮಾಷೆಗೆ ಹೇಳಿದ, ಆದರೆ ಸರಿಯಾಗಿಯೇ ಹೇಳಿದ. ಉತ್ತರದವರ ಬಾಯಲ್ಲಿ ಅದು ಇವತ್ತಿಗೂ ಕುಶಲಕಲೆ. ನಮ್ಮ ಬಾಯಲ್ಲಿ ಅದು ಯಾರನ್ನೋ ಕೆಡವಲು ಹೂಡಿದ ಉಪಾಯ.

ಮೊದಲು ನಿಮ್ಮ ಮೇಷ್ಟ್ರ ವಿಷಯ ಮುಗಿಸಿಬಿಡೋಣ. ಅವರ ಊಹೆ ಸೊಗಸಾಗಿದೆ, ಮಕ್ಕಳಿಗೆ ಮರೆಯದ ಹಾಗೆ ಹೇಳಿದ್ದಾರೆ. ಆದರೆ ‘ಹೊನ್ನು’ ಎಂಬುದು ‘ಹುನ್ನು’ ಆಯಿತು ಎಂದು ಒಪ್ಪಿಕೊಂಡರೂ ಹಿಂದಿನ ‘ಆರ’ ಎಲ್ಲಿಂದ ಬಂತು? ಅದಕ್ಕೆ ಲೆಕ್ಕ ಸಿಗುವುದಿಲ್ಲ. ಹೊನ್ನಿನಿಂದ ಹುಟ್ಟಿದ ಪದ ಬೇರೆಯೇ ಇದೆ. ವಿಜಯನಗರದ ವರಾಹ ಎಂಬ ಚಿನ್ನದ ನಾಣ್ಯವನ್ನು ದಖ್ಖನಿನ ಸುಲ್ತಾನರ ದಫ್ತರಗಳಲ್ಲಿ ‘ಹೂನ್’ ಎಂದು ಬರೆಯುತ್ತಿದ್ದರು. ಅದು ನಮ್ಮ ಹೊನ್ನೇ. ಅಂದರೆ ಪಾರ್ಸಿಯವರು, ಎಂದರೆ ಪರ್ಷಿಯನ್ ಭಾಷೆಯವರು, ನಮ್ಮಿಂದ ಹೊನ್ನು ಒಯ್ದು ನಮಗೆ ಹುನ್ನಾರ ಕೊಟ್ಟರು. ಈ ವ್ಯಾಪಾರದಲ್ಲಿ ಲಾಭ ಯಾರಿಗಾಯಿತು, ನೀವೇ ಹೇಳಿ.

ಪಾರ್ಸಿಯ ‘ಹುನರ್’ ಬಹಳ ಮರ್ಯಾದಸ್ಥ ಪದ. ಕಲೆ, ಕೌಶಲ, ಒಳ್ಳೆಯ ಗುಣ – ಈ ಮೂರಕ್ಕೂ ಅದೇ ಮಾತು. ಇವತ್ತಿನ ಇರಾನಿನಲ್ಲಿ ಕಲಾವಿದನಿಗೆ ‘ಹೊನರ್‌ಮಂದ್’ ಎನ್ನುತ್ತಾರೆ. ಇನ್ನೂ ಹಿಂದೆ ಹೋದರೆ ಪದದ ಗತ್ತು ಜಾಸ್ತಿಯಾಗುತ್ತದೆ. ಇರಾನಿನ ಹಳೆಯ ರಾಜಧಾನಿ ಪರ್ಸಿಪೊಲಿಸ್ ಹತ್ತಿರ ನಕ್ಷ್-ಎ-ರುಸ್ತಮ್ ಎಂಬ ಬಂಡೆ ಇದೆ. ಅದರಲ್ಲಿ ಕೊರೆದ ಸಮಾಧಿಯೊಂದು ಮೊದಲನೆಯ ದಾರಿಯಸ್ ದೊರೆಯದು. ಅವನು ತೀರಿಕೊಂಡದ್ದು ಕ್ರಿ.ಪೂ. 486ರಲ್ಲಿ. ಆ ಸಮಾಧಿಯ ಶಾಸನದಲ್ಲಿ ದೊರೆ ತನ್ನ ಬಗ್ಗೆ ತಾನೇ ಹೇಳಿಕೊಂಡಿದ್ದಾನೆ: ಕುದುರೆ ಮೇಲೆ ಕುಳಿತರೆ ಒಳ್ಳೆಯ ಸವಾರ, ಬಿಲ್ಲು ಹಿಡಿದರೆ ಒಳ್ಳೆಯ ಬಿಲ್ಲಾಳು, ನಿಂತೂ ಎಸೆಯಬಲ್ಲೆ, ಕುದುರೆ ಮೇಲಿಂದಲೂ ಎಸೆಯಬಲ್ಲೆ, ಈಟಿಯೂ ಅಷ್ಟೇ. ಇವೆಲ್ಲ ದೇವರಾದ ಅಹುರಮಜ್ದ ನನಗೆ ಕೊಟ್ಟ ಕೌಶಲಗಳು ಎನ್ನುತ್ತಾನೆ. ಅಲ್ಲಿ ಕೌಶಲಕ್ಕೆ ಬಳಸಿರುವ ಪದವೇ ನಮ್ಮ ಹುನ್ನಾರದ ಮುತ್ತಜ್ಜ.

ಅದಕ್ಕೂ ಆಚೆಗೆ ಒಂದು ನಂಟು ಇದೆ. ಪಾರಸಿ ಸಮುದಾಯದ ಧರ್ಮಗ್ರಂಥದ ಭಾಷೆ ಅವೆಸ್ತನ್. ಸಂಸ್ಕೃತದಲ್ಲಿ ‘ಸ’ ಇದ್ದ ಕಡೆ ಆ ಭಾಷೆಯಲ್ಲಿ ‘ಹ’ ಬರುತ್ತದೆ. ಸಿಂಧು ಹಿಂದು ಆದದ್ದು ಹೀಗೆಯೇ. ನಮ್ಮ ‘ಸು’ ಅಲ್ಲಿ ‘ಹು’. ‘ನರ’ ಎರಡೂ ಕಡೆ ನರನೇ. ಹಾಗಾಗಿ ‘ಹುನರ’ವನ್ನು ಅಕ್ಷರಕ್ಕಕ್ಷರ ಇತ್ತ ತಂದರೆ ‘ಸು-ನರ’. ಒಳ್ಳೆಯ ಮನುಷ್ಯನಲ್ಲಿ ಇರಬೇಕಾದದ್ದು ಎಂಬ ಭಾವ. ಋಗ್ವೇದದಲ್ಲಿ ಉಷಸ್ಸನ್ನು ‘ಸೂನರೀ’ ಎಂದು ಕರೆದಿದ್ದಾರೆ. ಬೆಳಗಿನ ದೇವಿಯ ವಿಶೇಷಣಕ್ಕೂ ‘ಸರ್ಕಾರ ಉರುಳಿಸುವ ಹುನ್ನಾರ’ಕ್ಕೂ ರಕ್ತ ಸಂಬಂಧ ಇದೆ ಅಂದರೆ ನಂಬುವುದು ಕಷ್ಟ. ಆದರೆ ಇದೆ.

ಇಂಥ ಮನೆತನದ ಪದ ನಮ್ಮಲ್ಲಿ ಯಾಕೆ ಹೀಗೆ ಕೆಟ್ಟಿತು? ನಿಮ್ಮ ನಿಜವಾದ ಪ್ರಶ್ನೆ ಇದು ಎಂದುಕೊಂಡಿದ್ದೇನೆ.

ದಾರಿಯಲ್ಲಿ ಸಿಕ್ಕವರನ್ನು ಕೇಳಿದರೆ ಸ್ವಲ್ಪ ಸುಳಿವು ಸಿಗುತ್ತದೆ. ಗುಜರಾತಿಯಲ್ಲಿ ‘ಹುನ್ನರ್’ ಎಂದರೆ ಕಸುಬು. ‘ಹುನ್ನರ್ ಉದ್ಯೋಗ್’ ಎಂಬ ಜೋಡಿ ಪದವೇ ಅಲ್ಲಿದೆ. ಕೈಕಸುಬು, ಕೈಗಾರಿಕೆ ಅಂತ ಅರ್ಥ. ವ್ಯಾಪಾರಿಗಳ ಸೀಮೆ, ಕಸುಬಿನಿಂದ ಹೊಟ್ಟೆ ತುಂಬಿದವರ ಭಾಷೆ. ಮರಾಠಿಗೆ ಬಂದರೆ ‘ಹುನ್ನರ್’ ಪದಕ್ಕೆ ಕಲೆ ಎಂಬ ಅರ್ಥವೂ ಉಂಟು, ಯುಕ್ತಿ ಎಂಬ ಅರ್ಥವೂ ಉಂಟು. ‘ನ’ ಅಕ್ಷರ ಎರಡಾಗಿರುವುದನ್ನೂ ಗಮನಿಸಿ. ಕನ್ನಡಕ್ಕೆ ಬರುವ ಹೊತ್ತಿಗೆ ನಾವು ಇನ್ನೊಂದು ಎಳೆತ ಸೇರಿಸಿ ಹುನ್ನಾರ ಮಾಡಿದೆವು, ಕಲೆಯನ್ನು ಕೈಬಿಟ್ಟು ಯುಕ್ತಿಯನ್ನು ಉಳಿಸಿಕೊಂಡೆವು, ಯುಕ್ತಿಗೆ ವಿಷ ಬೆರೆಸಿದೆವು.

ನನ್ನ ಅಭಿಪ್ರಾಯ ಹೇಳುತ್ತೇನೆ. ಪಾರ್ಸಿ ಪದಗಳು ನಮ್ಮಲ್ಲಿಗೆ ಜಾಸ್ತಿ ಬಂದದ್ದು ಆಡಳಿತದ ಬಾಗಿಲಿನಿಂದ. 1347ರಲ್ಲಿ ಬಹಮನಿ ರಾಜ್ಯ ಶುರುವಾಯಿತು, ಕಲಬುರಗಿ ಅದರ ರಾಜಧಾನಿಯಾಯಿತು. ಆಮೇಲೆ ಬೀದರ್, ಆಮೇಲೆ ವಿಜಾಪುರದ ಆದಿಲಶಾಹಿಗಳು. ಮರಾಠರ ದಫ್ತರವೂ ಪಾರ್ಸಿ ಪದಗಳಿಂದ ತುಂಬಿತ್ತು. ಮೈಸೂರಿನಲ್ಲಿ ಟಿಪ್ಪುವಿನ ಕಂದಾಯ ಇಲಾಖೆ, ನಮ್ಮ ಕಡೆ 1948ರ ತನಕ ನಿಜಾಮರ ಕಚೇರಿ. ಅರ್ಜಿ, ದಾಖಲೆ, ಜಮೀನು, ರಸೀದಿ, ಜಪ್ತಿ, ಜಾಮೀನು, ವಕೀಲ, ಗುಮಾಸ್ತ – ಒಂದು ಹೊಲದ ತಕರಾರನ್ನು ಈ ಪದಗಳಿಲ್ಲದೆ ಹೇಳಿ ನೋಡೋಣ. ಆಗುವುದಿಲ್ಲ. ಕಾಗದ ಓದಬಲ್ಲ, ಬರೆಯಬಲ್ಲ ಒಬ್ಬನ ಹುನರ್ ಇನ್ನೊಬ್ಬನ ಹೊಲ ತಿಂದಿತು. ಬರೆದವನು ಅದನ್ನು ಕೌಶಲ ಎಂದ. ಹೊಲ ಕಳೆದುಕೊಂಡವನಿಗೂ ಅದೇ ಪದ ಗೊತ್ತಿತ್ತು, ಆದರೆ ಅವನು ಅದನ್ನು ಹೇಳಿದ ದನಿ ಬೇರೆ. ಕನ್ನಡದ ಹುನ್ನಾರದಲ್ಲಿ ಉಳಿದಿರುವುದು ಆ ಎರಡನೆಯವನ ದನಿ. ಗುಜರಾತಿನ ಪದ ಕಸುಬುದಾರನದು, ನಮ್ಮ ಪದ ಸೋತ ರೈತನದು.

ಈ ಮಾತನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಬೀದರ್, ಕಲಬುರಗಿ ಕಡೆಯ ಕೋರ್ಟುಗಳಲ್ಲಿ ಭಾಷಾಂತರಕಾರಳಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಸಾಕ್ಷಿ ಹೇಳಿದ್ದನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸದ ಒಂದು ಭಾಗ. ಒಂದು ಕ್ರಯಪತ್ರದ ದಾವೆ. ವಯಸ್ಸಾದ ರೈತ ಕಟಕಟೆಯಲ್ಲಿ ನಿಂತು, ‘ಇದೆಲ್ಲಾ ಅವರದೇ ಹುನ್ನಾರ ಅದರಿ ಸಾಹೇಬ್ರ’ ಎಂದ. ಎದುರು ಕಕ್ಷಿಯ ವಕೀಲರು ಉರ್ದು ಮಾಧ್ಯಮದಲ್ಲಿ ಓದಿದ ಹಿರಿಯರು. ಎದ್ದು ನಿಂತು, ‘ಹುನರ್ ಅಂದರೆ ಕಲೆ ಸ್ವಾಮಿ. ನಮ್ಮ ಕಕ್ಷಿದಾರ ಕಲಾವಿದ ಅಂತ ಸಾಕ್ಷಿಯೇ ಒಪ್ಪಿದ್ದಾನೆ, ಬರೆದುಕೊಳ್ಳಬೇಕು’ ಎಂದರು. ಕೋರ್ಟಿನಲ್ಲಿ ಎಲ್ಲರೂ ನಕ್ಕರು. ರೈತನಿಗೆ ಮಾತ್ರ ಯಾಕೆ ನಗುತ್ತಿದ್ದಾರೆ ಎಂದು ತಿಳಿಯಲಿಲ್ಲ. ಒಂದೇ ಊರು, ಒಂದೇ ಪದ, ಇಬ್ಬರೂ ಹೇಳಿದ್ದು ಸರಿ. ನಾನು ಇಂಗ್ಲಿಷಿನಲ್ಲಿ ‘ಸ್ಕೀಮ್’ ಎಂದು ಬರೆದೆ. ಅದೂ ಇಂಥದೇ ಪದ ನೋಡಿ. ಸರ್ಕಾರ ಮಾಡಿದರೆ ಸ್ಕೀಮ್ ಎಂದರೆ ಯೋಜನೆ. ನಮ್ಮ ಹುಡುಗರು ‘ಏನೋ ಸ್ಕೀಮ್ ಹಾಕಿದ್ದಾನೆ’ ಎಂದರೆ ಬೇರೆಯೇ.

ಬಳಕೆಯ ಬಗ್ಗೆ ಒಂದು ಮಾತು. ಹುನ್ನಾರ ಯಾವಾಗಲೂ ಬೇರೆಯವರದು. ‘ಅವರ ಹುನ್ನಾರ’, ‘ವಿರೋಧಿಗಳ ಹುನ್ನಾರ’, ‘ಇದರ ಹಿಂದೆ ಹುನ್ನಾರ ಇದೆ’. ‘ನಾನೊಂದು ಹುನ್ನಾರ ಮಾಡಿದ್ದೇನೆ’ ಎಂದು ಯಾರೂ ಹೇಳುವುದಿಲ್ಲ. ತನ್ನದಾದರೆ ಅದು ಉಪಾಯ, ತಂತ್ರ, ಪ್ಲಾನು. ಆದ್ದರಿಂದ ಹುನ್ನಾರ ಎಂದು ಬರೆದ ಕ್ಷಣವೇ ಒಂದು ಆರೋಪ ಮಾಡಿದ ಹಾಗೆ. ಪತ್ರಿಕೆಗಳ ತಲೆಬರಹದಲ್ಲಿ ಈ ಪದ ಈಗ ಅತಿಯಾಗಿದೆ. ರಸ್ತೆ ಅಗಲ ಮಾಡಿದರೂ ಹುನ್ನಾರ, ಮಾಡದಿದ್ದರೂ ಹುನ್ನಾರ. ಯಾರೋ ಒಬ್ಬರು ಹೇಳಿದ್ದಾದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ವರದಿಗಾರರೇ ತಮ್ಮ ಮಾತಾಗಿ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ನಾನು ಪತ್ರಿಕೆಯೊಂದರಲ್ಲಿ ಹೊಸದಾಗಿ ಉಪಸಂಪಾದಕಿ. ಹುನ್ನಾರ, ಮಸಲತ್ತು, ಪಿತೂರಿ, ಒಳಸಂಚು – ತಲೆಬರಹದಲ್ಲಿ ಯಾವುದಕ್ಕೆ ಜಾಗ ಸಾಲುತ್ತದೋ ಅದನ್ನು ಹಾಕುತ್ತಿದ್ದೇವೆ. ಇವುಗಳಲ್ಲಿ ವ್ಯತ್ಯಾಸ ಇದೆಯೇ?
– ಮೈಸೂರು

ಉತ್ತರ: ಇದೆ. ನಿಘಂಟಿನ ಅರ್ಥ ಬರೆದು ಕಳಿಸಿದರೆ ನಿಮಗೆ ಉಪಯೋಗವಿಲ್ಲ. ಬೀದರಿನ ಒಂದು ಹಳೆಯ ಕಥೆ ಹೇಳುತ್ತೇನೆ, ನಾಲ್ಕರಲ್ಲಿ ಮೂರು ಪದ ಅದರಲ್ಲೇ ಸಿಗುತ್ತವೆ.

ಮಹಮೂದ್ ಗವಾನ್ ಬಹಮನಿ ಸುಲ್ತಾನರ ಪ್ರಧಾನಿ. ಇರಾನಿನ ಗಿಲಾನ್ ಸೀಮೆಯಿಂದ ಬಂದವನು. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಬೀದರಿನಲ್ಲಿ ಇವತ್ತಿಗೂ ನಿಂತಿದೆ. ಅರ್ಧ ಕುಸಿದಿದ್ದರೂ ಗೋಡೆಯ ನೀಲಿ ಹೆಂಚಿನ ಕೆಲಸ ಅಲ್ಲಲ್ಲಿ ಉಳಿದಿದೆ. ಗವಾನ್ ಪತ್ರ ಬರೆಯುವುದರಲ್ಲಿ ನಿಪುಣ, ಪಾರ್ಸಿಯಲ್ಲಿ ಅವನ ಪತ್ರಗಳು ಪ್ರಸಿದ್ಧ. ಹುನರ್ ಎಂಬ ಪದದ ಮೂಲ ಅರ್ಥಕ್ಕೆ ಅವನಿಗಿಂತ ಒಳ್ಳೆಯ ಉದಾಹರಣೆ ಬೇಡ. ಆಸ್ಥಾನದಲ್ಲಿ ಅವನನ್ನು ಕಂಡರೆ ಆಗದ ಸರದಾರರು ಕೂಡಿಕೊಂಡರು. ಏನು ಮಾಡುವುದೆಂದು ಮಾತಾಡಿಕೊಂಡರು. ಇದು ಮಸಲತ್ತು.

ಇತಿಹಾಸಕಾರ ಫಿರಿಶ್ತಾ ಹೇಳುವ ಪ್ರಕಾರ ಗವಾನನ ಮುದ್ರೆ ಕಾಯುತ್ತಿದ್ದವನನ್ನು ಅವರು ಒಲಿಸಿಕೊಂಡರು. ಕುಡಿಸಿ ಅಮಲೇರಿಸಿದರು. ಖಾಲಿ ಕಾಗದವೊಂದಕ್ಕೆ ಅವನ ಕೈಯಿಂದಲೇ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಆ ಕಾಗದದ ಮೇಲೆ ಒರಿಸ್ಸಾದ ಅರಸನಿಗೆ ಪತ್ರ ಬರೆದರು: ನೀವು ದಂಡೆತ್ತಿ ಬನ್ನಿ, ನಾನು ಜೊತೆಗಿದ್ದೇನೆ ಎಂಬಂತೆ. ಮುದ್ರೆ ಅಸಲಿ, ಪತ್ರ ನಕಲಿ. ಇದು ಹುನ್ನಾರ.

ಆ ಪತ್ರ ಸುಲ್ತಾನನ ಕೈಗೆ ಹೋಯಿತು. ಸುಲ್ತಾನ ಮೂರನೆಯ ಮುಹಮ್ಮದ್ ಗವಾನನ ಮೇಲೆ ಹೊರಿಸಿದ ಆರೋಪ ಏನು? ರಾಜ್ಯಕ್ಕೆ ಎರಡು ಬಗೆದು ಶತ್ರುವಿನ ಜೊತೆ ಸೇರಿದ್ದೀ ಎಂದು. ಅಂದರೆ ಪಿತೂರಿ. ಮುದ್ರೆ ನನ್ನದೇ, ಪತ್ರ ನನ್ನದಲ್ಲ ಎಂದು ಗವಾನ್ ಹೇಳಿದ. ಯಾರೂ ಕೇಳಲಿಲ್ಲ. 1481ರ ಏಪ್ರಿಲಿನಲ್ಲಿ ಅವನ ತಲೆ ಕಡಿಸಿದರು. ಮರುವರ್ಷ ಸುಲ್ತಾನನೂ ಸತ್ತ. ಕ್ರಮೇಣ ರಾಜ್ಯ ಐದು ಹೋಳಾಯಿತು.

ಈಗ ಪದಗಳಿಗೆ ಬನ್ನಿ. ಮಸಲತ್ತಿಗೆ ಕಡಿಮೆ ಎಂದರೂ ಇಬ್ಬರು ಬೇಕು, ಏಕೆಂದರೆ ಅದರ ಹುಟ್ಟು ಸಮಾಲೋಚನೆಯಲ್ಲಿದೆ. ಅರಬ್ಬಿಯ ‘ಮಸ್ಲಹತ್’ ಎಂದರೆ ಹಿತ, ಒಳಿತು, ವಿವೇಕದ ಮಾತು. ಮರಾಠಿಯಲ್ಲಿ ಅದು ಕೂತು ಮಾಡುವ ವಿಚಾರ ವಿನಿಮಯವಾಯಿತು. ನಮ್ಮಲ್ಲಿ ಬಾಗಿಲು ಹಾಕಿಕೊಂಡು ಮಾಡುವ ವಿಚಾರ ವಿನಿಮಯ ಆಯಿತು. ಇದರ ಒಡಹುಟ್ಟು ಯಾರು ಗೊತ್ತೇ? ‘ಸಲಹೆ’. ಅದೂ ಅದೇ ಅರಬ್ಬಿ ಧಾತುವಿನದು, ‘ಸಲಾಹ್’. ಅಕ್ಬರನ ‘ಸುಲ್ಹ್-ಎ-ಕುಲ್’, ಎಲ್ಲರೊಂದಿಗೆ ಶಾಂತಿ ಎಂಬ ನೀತಿ, ಅಲ್ಲಿನ ‘ಸುಲ್ಹ್’ ಕೂಡ ಅದೇ. ಸಲಹೆ ಸಲಹಾ ಸಮಿತಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದೆ, ಮಸಲತ್ತು ಕತ್ತಲಲ್ಲಿ ಕೂತಿದೆ. ಎರಡೂ ಒಂದೇ ತಾಯಿ ಮಕ್ಕಳು.

ಹುನ್ನಾರಕ್ಕೆ ಒಬ್ಬನೇ ಸಾಕು. ಅದರಲ್ಲಿ ಕೈಚಳಕ ಇರಬೇಕು, ಒಂದು ಉಪಾಯ ಇರಬೇಕು. ಸುಮ್ಮನೆ ಹೊಡೆದು ಕಿತ್ತುಕೊಂಡರೆ ಅದು ಹುನ್ನಾರ ಅಲ್ಲ, ದರೋಡೆ.

ಪಿತೂರಿ ಅಧಿಕಾರದ ವಿರುದ್ಧ ನಡೆಯುವುದು. ಅರಬ್ಬಿಯ ‘ಫುತೂರ್’ ಎಂದರೆ ಸಡಿಲ, ಬಲಹೀನತೆ. ಉರ್ದುವಿನಲ್ಲಿ ಅದು ದೋಷ, ಕೇಡು ಎಂಬ ಅರ್ಥಕ್ಕೆ ಹೊರಳಿತು. ಮರಾಠಿಯ ‘ಫಿತೂರ್’ ಎಂದರೆ ಶತ್ರುವಿನ ಕಡೆ ಸೇರಿಕೊಂಡವನು. ಮರಾಠಿ ಕೋರ್ಟು ವರದಿಗಳಲ್ಲಿ ಪ್ರತಿಕೂಲ ಸಾಕ್ಷಿಯನ್ನು ಇಂದಿಗೂ ‘ಫಿತೂರ್’ ಎಂದೇ ಬರೆಯುತ್ತಾರೆ. ನಮಗಿಂತ ಚೆನ್ನಾಗಿದೆ ಅಲ್ವಾ? ‘ಪ್ರತಿಕೂಲ’ ಎಂದರೆ ಹವಾಮಾನ ವರದಿ ಕೇಳಿದ ಹಾಗಾಗುತ್ತದೆ. ಪಿತೂರಿಯಲ್ಲೂ ಯಾರು ಹೇಳುತ್ತಾರೆ ಎಂಬುದು ಮುಖ್ಯ. 1922ರಿಂದ 1924ರವರೆಗೆ ಅಲ್ಲೂರಿ ಸೀತಾರಾಮರಾಜು ಗೋದಾವರಿಯ ಕಾಡುಸೀಮೆಯಲ್ಲಿ ಆದಿವಾಸಿಗಳ ಜೊತೆ ನಡೆಸಿದ ಹೋರಾಟಕ್ಕೆ ಬ್ರಿಟಿಷರು ಇಟ್ಟ ಹೆಸರು ‘ರಂಪಾ ಫಿತೂರಿ’. ಆಳುವವನ ಬಾಯಲ್ಲಿ ಪಿತೂರಿ, ನಮ್ಮ ಬಾಯಲ್ಲಿ ಸ್ವಾತಂತ್ರ್ಯ ಹೋರಾಟ.

ಒಳಸಂಚು ಮಾತ್ರ ಕಾನೂನಿಗೆ ಬೇಕಾದ ಪದ. ದಂಡಸಂಹಿತೆಯಲ್ಲಿ 120-ಬಿ ಎಂದು ಇದ್ದದ್ದು, ಈಗ ಭಾರತೀಯ ನ್ಯಾಯ ಸಂಹಿತೆಯ 61ನೆಯ ಕಲಂ. ಅದರ ಕನ್ನಡ ‘ಅಪರಾಧಿಕ ಒಳಸಂಚು’. ಪೊಲೀಸರು ಆ ಕಲಂ ಹಾಕಿದ್ದರೆ ಒಳಸಂಚು ಎಂದೇ ಬರೆಯಿರಿ, ಅಕ್ಷರ ಜಾಸ್ತಿಯಾದರೂ ಪರವಾಗಿಲ್ಲ. ಕಾನೂನಿನಲ್ಲಿ ಹುನ್ನಾರ ಎಂಬ ಅಪರಾಧ ಇಲ್ಲ.

ಪ್ರಶ್ನೆ: ನಮ್ಮ ಅಮ್ಮ ಮೆಚ್ಚಿಕೊಂಡರೆ ‘ಭಾಳ ಹಿಕಮತ್ತಿನ ಹುಡುಗಿ’ ಎನ್ನುತ್ತಿದ್ದರು. ಬೆಂಗಳೂರಿನ ನನ್ನ ಸೊಸೆ ಮುಂದೆ ಹಾಗೆ ಅಂದೆ, ಅವಳು ಮುಖ ಸಿಂಡರಿಸಿಕೊಂಡಳು. ಬೈಗುಳ ಅಂದುಕೊಂಡಳಂತೆ. ಹಿಕಮತ್ತು ಒಳ್ಳೆಯದೋ ಕೆಟ್ಟದ್ದೋ?
– ಗೃಹಿಣಿ, ವಿಜಯಪುರ

ಉತ್ತರ: ನಿಮ್ಮ ತಾಯಿಯವರ ಬಳಕೆ ಹಳೆಯದು, ಮೂಲಕ್ಕೆ ಹತ್ತಿರದ್ದು. ಸೊಸೆ ಹೇಳುವುದೂ ತಪ್ಪಲ್ಲ. ಹಾಗಾಗಿ ಜಗಳ ಬೇಡ.

ಅರಬ್ಬಿಯ ‘ಹಿಕ್ಮತ್’ ಎಂದರೆ ಜ್ಞಾನ, ವಿವೇಕ. ಅದರ ಬಳಗವನ್ನು ನೀವು ದಿನಾ ನೋಡುತ್ತೀರಿ. ವಿವೇಕಿ ಎಂಬ ಅರ್ಥದ ‘ಹಕೀಮ್’ ಯುನಾನಿ ವೈದ್ಯ ಆದ, ಅವನ ವಿದ್ಯೆಗೆ ಉರ್ದುವಿನಲ್ಲಿ ಇಂದಿಗೂ ಹಿಕ್ಮತ್ ಎಂದೇ ಹೆಸರು. ‘ಹುಕುಂ’ ಎಂದರೆ ಅಪ್ಪಣೆ. ಅಪ್ಪಣೆ ಇಲ್ಲದೆ ಉತ್ತ ಸರ್ಕಾರಿ ಜಮೀನು ‘ಬಗರ್‌ಹುಕುಂ’ ಸಾಗುವಳಿ. ಕುದುರೆಯ ಬಾಯಿಗೆ ಹಾಕುವ ಕಡಿವಾಣದ ಕಬ್ಬಿಣಕ್ಕೂ ಅರಬ್ಬಿಯಲ್ಲಿ ಇದೇ ಧಾತುವಿನ ಪದ ಇದೆ. ತಡೆದು ಹಿಡಿಯುವುದು, ಹದ್ದಿನಲ್ಲಿ ಇಡುವುದು ಎಂಬ ಭಾವ. ತನ್ನನ್ನು ತಾನು ಹಿಡಿದಿಟ್ಟುಕೊಳ್ಳಬಲ್ಲವನೇ ವಿವೇಕಿ ಎಂದು ಅವರ ಲೆಕ್ಕ.

ಕನ್ನಡದಲ್ಲಿ ಹಿಕಮತ್ತು ಹುನ್ನಾರದಷ್ಟು ಕೆಡಲಿಲ್ಲ. ಅರ್ಧ ದಾರಿಯಲ್ಲಿ ನಿಂತಿದೆ. ಉತ್ತರ ಕರ್ನಾಟಕದಲ್ಲಿ ಕೆಟ್ಟುನಿಂತ ಮೋಟಾರಿಗೆ ಹಗ್ಗವೋ ತಂತಿಯೋ ಕಟ್ಟಿ ಓಡಿಸಿದರೆ ‘ಏನರ ಹಿಕಮತ್ತು ಮಾಡಿದ ನೋಡ’ ಎನ್ನುತ್ತಾರೆ. ಅಲ್ಲಿ ಮೆಚ್ಚುಗೆಯೇ ಇದೆ. ‘ಅವನ ಹಿಕಮತ್ತು ನಮ್ಮ ಹತ್ರ ನಡಿಯಂಗಿಲ್ಲ’ ಎಂದರೆ ಮೆಚ್ಚುಗೆ ಹೋಗಿ ಎಚ್ಚರಿಕೆ ಬರುತ್ತದೆ. ತೆಂಕಣದವರಿಗೆ ಈ ಪದ ಓದಿನಲ್ಲಷ್ಟೇ ಸಿಕ್ಕಿದೆ, ಅದೂ ಜಾಸ್ತಿ ಕೆಟ್ಟ ಅರ್ಥದಲ್ಲಿ. ಸೊಸೆಗೆ ಈ ಉತ್ತರ ಓದಿ ಹೇಳಿ. ಅತ್ತೆಯ ಹೊಗಳಿಕೆಗೆ ಪತ್ರಿಕೆಯಲ್ಲಿ ಮುದ್ರಿತ ಸಾಕ್ಷಿ ಎಲ್ಲ ಸೊಸೆಯರಿಗೂ ಸಿಗುವುದಿಲ್ಲ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಬರೀ ಅರಬ್ಬಿ, ಪಾರ್ಸಿ. ಮೋಸಕ್ಕೆ ಪದಗಳೆಲ್ಲ ಹೊರಗಿನಿಂದಲೇ ಬಂದವು ಎಂದು ನಿಮ್ಮ ಅಭಿಪ್ರಾಯವೇ? ಕನ್ನಡಿಗರು ಅಷ್ಟು ಮುಗ್ಧರೇ?
– ನಿವೃತ್ತ ಬ್ಯಾಂಕ್ ನೌಕರ, ಬೆಂಗಳೂರು

ಉತ್ತರ: ಖಂಡಿತ ಅಲ್ಲ ಸ್ವಾಮಿ. ಜಾಣತನ ಕೆಡುವುದಕ್ಕೆ ಯಾವ ಭಾಷೆಯ ಅಪ್ಪಣೆಯೂ ಬೇಕಿಲ್ಲ.

‘ಬಿನ್ನಾಣ’ ಎಂಬ ಪದ ನೋಡಿ. ಇವತ್ತು ಬಿನ್ನಾಣ ಎಂದರೆ ವಯ್ಯಾರ, ತೋರಿಕೆ, ಒಳಗೊಂದು ಹೊರಗೊಂದು. ‘ಬಿನ್ನಾಣಗಿತ್ತಿ’ ಎಂದರೆ ಹೊಗಳಿಕೆ ಅಲ್ಲ. ಆದರೆ ಇದು ‘ವಿಜ್ಞಾನ’ದ ತದ್ಭವ. ವಿಜ್ಞಾನ, ಪ್ರಾಕೃತದಲ್ಲಿ ವಿಣ್ಣಾಣ, ನಮ್ಮಲ್ಲಿ ಬಿನ್ನಾಣ, ಬಿನ್ನಣ. ಹಳಗನ್ನಡದಲ್ಲಿ ಅದಕ್ಕೆ ನಿಪುಣತೆ, ಕುಶಲಕಲೆ ಎಂಬ ಅರ್ಥ ಇತ್ತು. ಚೆನ್ನಾಗಿ ಕೆಲಸ ಬಲ್ಲವನು ಬಿನ್ನಾಣಿ. ಆಮೇಲೆ ಸಂಸ್ಕೃತದ ವಿಜ್ಞಾನ ಮತ್ತೆ ನೇರವಾಗಿ ಬಂದು ಶಾಲೆಯ ಪಠ್ಯಪುಸ್ತಕ ಸೇರಿತು. ಮೊದಲೇ ಬಂದು ನಮ್ಮವನೇ ಆಗಿದ್ದ ಬಿನ್ನಾಣ ಕನ್ನಡಿ ಮುಂದೆ ಉಳಿಯಿತು. ಇಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಸಿಟ್ಟು ಬರಿಸುವಂಥದ್ದು. ಗಂಡಸಿನ ಕೈಯಲ್ಲಿ ಇದ್ದಷ್ಟು ದಿನ ಬಿನ್ನಾಣ ಶಿಲ್ಪಿಯ ಕೌಶಲ. ಹೆಂಗಸಿಗೆ ಅಂಟಿಸಿದ ಮೇಲೆ ಅದು ನಂಬಬಾರದ ನಡವಳಿಕೆ.

ಸಂಸ್ಕೃತದ ‘ತಂತ್ರ’ವೂ ಅಷ್ಟೇ. ಮೊದಲು ಅದು ಮಗ್ಗ, ಮಗ್ಗದ ಹಾಸು. ನೂಲನ್ನು ಕ್ರಮವಾಗಿ ಹಾಸುವುದರಿಂದ ಕ್ರಮಬದ್ಧ ಶಾಸ್ತ್ರ ಎಂಬ ಅರ್ಥ ಬಂತು. ತಂತ್ರಜ್ಞಾನ, ತಂತ್ರಾಂಶ ಎಂದರೆ ಮರ್ಯಾದೆ. ‘ತಂತ್ರ ಮಾಡಿದ’ ಎಂದರೆ ಅನುಮಾನ. ಕುತಂತ್ರಕ್ಕೆ ‘ಕು’ ಸೇರಿಸಿದ್ದು ಪಾಪ, ತಂತ್ರದ ಮಾನ ಉಳಿಸಲು. ಪೂರ್ತಿ ಉಳಿಯಲಿಲ್ಲ.

ಇನ್ನು ‘ಕೈಚಳಕ’. ಶಿಲ್ಪಿಯ ಕೈಚಳಕ ಎಂದೂ ಬರೆಯುತ್ತೇವೆ, ಬಸ್ಸಿನಲ್ಲಿ ಸರ ಕದ್ದವಳ ಕೈಚಳಕ ಎಂದೂ ಬರೆಯುತ್ತೇವೆ. ಎರಡೂ ಸುದ್ದಿ ಒಂದೇ ಪುಟದಲ್ಲಿ ನೋಡಿದ್ದೇನೆ. ಇಂಗ್ಲಿಷಿನವರೂ ‘ಕ್ರಾಫ್ಟ್’ ಎಂಬ ಒಳ್ಳೆಯ ಪದದಿಂದಲೇ ‘ಕ್ರಾಫ್ಟಿ’ ಎಂಬ ಬೈಗುಳ ಮಾಡಿಕೊಂಡಿದ್ದಾರೆ.

ಎಲ್ಲ ಪದಗಳೂ ಕೆಡಲೇಬೇಕು ಎಂದೂ ಇಲ್ಲ. ‘ಹುಷಾರು’ ಪಾರ್ಸಿಯದೇ. ಬುದ್ಧಿ ನೆಟ್ಟಗಿರುವವನು, ಎಚ್ಚರವಾಗಿರುವವನು ಎಂದು ಮೂಲ ಅರ್ಥ. ಹುನ್ನಾರದ ಹಾದಿ ಹಿಡಿಯಲು ಎಲ್ಲ ಅವಕಾಶ ಇತ್ತು. ಆದರೆ ನಮ್ಮಲ್ಲಿ ಅದು ವೈದ್ಯರ ಬಳಿ ಹೋಯಿತು. ‘ಮೈ ಹುಷಾರಿಲ್ಲ’ ಎಂದು ರಜಾ ಅರ್ಜಿ ಬರೆಯುವಾಗ ಯಾರಿಗೂ ಪಾರ್ಸಿ ನೆನಪಾಗುವುದಿಲ್ಲ. ಆ ಅರ್ಜಿಗಳಲ್ಲಿ ಕೆಲವು ಹುನ್ನಾರ ಇರಬಹುದು, ಅದು ಬೇರೆ ಮಾತು. ಬ್ಯಾಂಕಿನಲ್ಲಿ ಇದ್ದವರು, ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ‘ನಕಲು’ ಮತ್ತು ‘ನಕಲಿ’ ಎರಡೂ ಒಂದೇ ಅಲ್ಲವೇ? ಹಾಗಾದರೆ ಸರ್ಕಾರಿ ಕಚೇರಿಯಲ್ಲಿ ‘ನಕಲು ಪ್ರತಿ ಲಗತ್ತಿಸಿ’ ಎಂದು ಯಾಕೆ ಕೇಳುತ್ತಾರೆ?
– ತುಮಕೂರು

ಉತ್ತರ: ಅರಬ್ಬಿಯ ‘ನಕ್ಲ್’ ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ಬರಹವನ್ನು ಒಂದು ಕಾಗದದಿಂದ ಇನ್ನೊಂದಕ್ಕೆ ಸಾಗಿಸಿದರೆ ನಕಲು. ಕೋರ್ಟಿನಲ್ಲಿ ನಕಲು ವಿಭಾಗವೇ ಇರುತ್ತದೆ. ಶುಲ್ಕ ಕಟ್ಟಿ ತೆಗೆದುಕೊಂಡ ದೃಢೀಕೃತ ನಕಲು ಪೂರ್ತಿ ಪ್ರಾಮಾಣಿಕ ವಸ್ತು. ಕೊನೆಗೆ ಒಂದು ಇಕಾರ ಬಂದರೆ ‘ನಕಲಿ’, ಅದಕ್ಕೆ ಜೈಲು. ಪರೀಕ್ಷೆಯಲ್ಲಿ ‘ನಕಲು ಹೊಡೆದ’ ಎಂದಾಗ ಮಾತ್ರ ಇಕಾರ ಇಲ್ಲದೆಯೂ ಕಳ್ಳತನ. ಅರ್ಜಿ ಬರೆಯುವವರು ಇದೊಂದು ಅಕ್ಷರದ ಮೇಲೆ ಕಣ್ಣಿಡಿ. ‘ನಕಲಿ ಪ್ರತಿ ಲಗತ್ತಿಸಿದ್ದೇನೆ’ ಎಂದು ಸಹಿ ಹಾಕಿ ಕೊಟ್ಟ ಅರ್ಜಿಗಳನ್ನು ನಾನು ಓದಿದ್ದೇನೆ. ತಪ್ಪೊಪ್ಪಿಗೆ ಇಷ್ಟು ಸಲೀಸಾಗಿ ಪೊಲೀಸರಿಗೂ ಸಿಗುವುದಿಲ್ಲ.

ಪ್ರಶ್ನೆ: ‘ಚಳ್ಳೆಹಣ್ಣು ತಿನ್ನಿಸು’ ಎಂದರೆ ಮೋಸ ಮಾಡು ಎಂದು ಗೊತ್ತು. ಆ ಹಣ್ಣು ನಿಜವಾಗಿ ಇದೆಯೇ?
– ಶಿಕ್ಷಕಿ, ಬಳ್ಳಾರಿ

ಉತ್ತರ: ಇದೆ, ಹೊಲದ ಬದುಗಳಲ್ಲಿ, ಊರಾಚೆ ಬೆಳೆಯುವ ಮರ. ಗೋಲಿಯಷ್ಟು ಸಣ್ಣ ಹಣ್ಣು. ಒಳಗಿನ ತಿರುಳು ಗೋಂದಿನ ಹಾಗೆ, ಮಕ್ಕಳು ಕಾಗದ ಅಂಟಿಸಲು ಬಳಸುತ್ತಿದ್ದರು. ಬಾಯಿಗೆ ಹಾಕಿಕೊಂಡರೆ ಉಗುಳುವುದೂ ಕಷ್ಟ, ನುಂಗುವುದೂ ಕಷ್ಟ. ‘ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ’ ಎಂದು ಬರೆಯುವ ವರದಿಗಾರರಲ್ಲಿ ಎಷ್ಟು ಜನ ಆ ಹಣ್ಣು ತಿಂದಿದ್ದಾರೋ. ನಿಮ್ಮ ಶಾಲೆ ಹತ್ತಿರ ಮರ ಇದ್ದರೆ ಮಕ್ಕಳಿಗೆ ತೋರಿಸಿ, ನುಡಿಗಟ್ಟು ತಾನಾಗಿ ಅರ್ಥ ಆಗುತ್ತದೆ.

ಪ್ರಶ್ನೆ: ಮೋಸಗಾರನಿಗೆ ‘ಫೋರ್‌ಟ್ವೆಂಟಿ’ ಎನ್ನುತ್ತೇವೆ. ಈಗ ಕಾಯ್ದೆಯೇ ಬದಲಾಗಿದೆಯಂತೆ. ಇನ್ನು ಮುಂದೆ ಏನೆಂದು ಬೈಯುವುದು?
– ಆಟೋ ಚಾಲಕ, ಹುಬ್ಬಳ್ಳಿ

ಉತ್ತರ: ಬಹಳ ಗಂಭೀರ ಪ್ರಶ್ನೆ. ಭಾರತೀಯ ದಂಡಸಂಹಿತೆ 1860ರದು, ಜಾರಿಗೆ ಬಂದದ್ದು 1862ರ ಜನವರಿ 1ರಂದು. ಅದರ 420ನೆಯ ಕಲಂ, ವಂಚಿಸಿ ಆಸ್ತಿ ಲಪಟಾಯಿಸುವುದಕ್ಕೆ ಶಿಕ್ಷೆ ಹೇಳುತ್ತಿತ್ತು. ಕಲಂ ಸಂಖ್ಯೆಯೇ ಬೈಗುಳವಾಗಿ ಹಿಂದಿಯಲ್ಲಿ ‘ಚಾರ್ ಸೌ ಬೀಸ್’, ನಮ್ಮಲ್ಲಿ ‘ಫೋರ್‌ಟ್ವೆಂಟಿ’ ಆಯಿತು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂ‌ದಿದೆ. ಹಳೆಯ 420 ಈಗ 318ರ 4ನೆಯ ಉಪಕಲಂ. ‘ಲೇ ಮುನ್ನೂರ ಹದಿನೆಂಟು ಆವರಣದಲ್ಲಿ ನಾಲ್ಕು’ ಎಂದು ನೀವು ಬೈದು ಮುಗಿಸುವ ಹೊತ್ತಿಗೆ ಅವನು ಬಾಡಿಗೆ ಕೊಡದೆ ಗಲ್ಲಿ ದಾಟಿರುತ್ತಾನೆ. ಹಳೆಯದನ್ನೇ ಇಟ್ಟುಕೊಳ್ಳಿ. ಸಂಸತ್ತು ತಿದ್ದಿದ್ದು ಕಾಯ್ದೆಯನ್ನು, ಬೈಗುಳವನ್ನಲ್ಲ.